ಶುಗರ್ ಇಳಿದರೆ ಎಚ್ಚರಿಸುವ ನಾಯಿ: ತರುವ ಮುಂಚೆ, ತಂದ ಮೇಲೆ

"ಮಗಳಿಗೆ ಟೈಪ್ 1 ಮಧುಮೇಹ. ಶುಗರ್ ಇಳಿದದ್ದು ಅವಳಿಗೇ ಗೊತ್ತಾಗುವುದಿಲ್ಲ. ವಾಸನೆ ಹಿಡಿದು ಎಬ್ಬಿಸುವ ನಾಯಿ ಸಿಗುತ್ತಂತೆ, ತರೋಣವೇ?" ಅಮೆರಿಕದಲ್ಲಿ ನೆಲೆಸಿದ ಕನ್ನಡ ಮನೆಗಳಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ನಾಯಿ ತಂದಾದ ಮೇಲೆ ಕೇಳುವವರೂ ಇದ್ದಾರೆ: ದೇವಸ್ಥಾನಕ್ಕೆ ಕರೆದೊಯ್ಯಬಹುದೇ, ಊರಿಗೆ ಹೋಗುವಾಗ ಏನು ಮಾಡುವುದು, ಸುಮ್ಮಸುಮ್ಮನೆ ಸನ್ನೆ ಕೊಡುತ್ತಿದೆಯಲ್ಲ ಏಕೆ? ಎಲ್ಲಕ್ಕೂ ಒಂದೇ ಕಡೆ ಉತ್ತರ ಕೊಡುವ ಪ್ರಯತ್ನ ಇದು. ಇಲ್ಲಿ ಹೇಳುವ ಕಾನೂನು ಅಮೆರಿಕದ್ದು. ತರಬೇತಿ ಮತ್ತು ಮನೆಯೊಳಗಿನ ಶಿಸ್ತು ಎಲ್ಲಿದ್ದರೂ ಒಂದೇ.

ಮೊದಲು ಕೆಲವು ಪದಗಳು. ಮಧುಮೇಹಿಗಳು ದಿನವೂ ಆಡುವ "ಲೋ" ಎಂದರೆ ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗೆ ಇಳಿಯುವುದು. 54ಕ್ಕಿಂತ ಕೆಳಗೆ ಹೋದರೆ ಅದು ಗಂಭೀರ. ಚರ್ಮಕ್ಕೆ ಅಂಟಿಸಿಕೊಂಡು ಕೆಲವು ನಿಮಿಷಕ್ಕೊಮ್ಮೆ ಸಕ್ಕರೆ ಅಳೆಯುವ ಸಾಧನವನ್ನು ಇಲ್ಲಿ "ಸೆನ್ಸರ್" ಎನ್ನುತ್ತೇವೆ. ಬೆರಳು ಚುಚ್ಚಿ ನೋಡುವುದನ್ನು "ಮೀಟರ್" ಎನ್ನುತ್ತೇವೆ. ನಾಯಿ ನಿಮ್ಮನ್ನು ಎಚ್ಚರಿಸುವ ರೀತಿ, ಅಂದರೆ ಮೂತಿಯಿಂದ ತಿವಿಯುವುದೋ ಪಂಜಾ ಇಡುವುದೋ, ಅದಕ್ಕೆ "ಸನ್ನೆ".

ನಾಯಿಗೆ ಏನು ತಿಳಿಯುತ್ತದೆ? ಶುಗರ್ ಇಳಿದಾಗ ಉಸಿರು ಮತ್ತು ಬೆವರಿನ ವಾಸನೆ ಬದಲಾಗುತ್ತದೆ. ಲೋ ಆದಾಗ ಉಸಿರಿನಲ್ಲಿ ಐಸೊಪ್ರೀನ್ ಎಂಬ ರಾಸಾಯನಿಕ ಹೆಚ್ಚಾಗುವುದನ್ನು ಕೇಂಬ್ರಿಜ್‌ನ ತಂಡವೊಂದು 2016ರಲ್ಲಿ ತೋರಿಸಿತು. ನಾಯಿ ಹಿಡಿಯುವುದು ಅದೊಂದನ್ನೇ ಎಂದು ಸಾಬೀತಾಗಿಲ್ಲ. ಎಷ್ಟು ಸಲ ಸರಿಯಾಗಿ ಹಿಡಿಯುತ್ತದೆ ಎಂಬುದು ನಾಯಿಯಿಂದ ನಾಯಿಗೆ ತೀರಾ ಬೇರೆ. ಬ್ರಿಟನ್ನಿನಲ್ಲಿ ಪಳಗಿದ 27 ನಾಯಿಗಳನ್ನು ಅಭ್ಯಸಿಸಿ 2019ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮಧ್ಯಮ ಮಟ್ಟದ ನಾಯಿ 100 ಲೋಗಳಲ್ಲಿ 83ಕ್ಕೆ ಸನ್ನೆ ಕೊಟ್ಟಿತ್ತು. ಅಮೆರಿಕದಲ್ಲಿ 8 ಜನರ ನಾಯಿಗಳನ್ನು ಸೆನ್ಸರಿನ ಜೊತೆ ಹೋಲಿಸಿದ 2017ರ ಚಿಕ್ಕ ಅಧ್ಯಯನದಲ್ಲಿ ಆ ಸಂಖ್ಯೆ 36 ಮಾತ್ರ. ನಾಯಿ, ಸೆನ್ಸರ್ ಎರಡೂ ಹಿಡಿದ ಲೋಗಳಲ್ಲಿ ಸೆನ್ಸರೇ ಸಾಮಾನ್ಯವಾಗಿ ಮುಂಚೆ ಕೂಗಿತ್ತು.

ಆದ್ದರಿಂದ ನಮ್ಮ ಮಾತು ನೇರವಾಗಿದೆ. ಸೆನ್ಸರ್ ಇಲ್ಲದ ಮನೆಗೆ ಮೊದಲು ಬರಬೇಕಾದದ್ದು ಸೆನ್ಸರ್. ನಾಯಿ ಎರಡನೇ ಕಾವಲು. ಸೆನ್ಸರ್ ಕಳಚಿಬಿದ್ದಾಗ, ಫೋನಿನ ಚಾರ್ಜ್ ಮುಗಿದಾಗ, ಅಲಾರಂ ಕೇಳಿ ಕೇಳಿ ಕಿವಿ ಮಂದವಾದಾಗ ಅದು ನಿಜವಾಗಿಯೂ ಆಸರೆ. ತೀರ್ಪು ಹೇಳಬೇಕಾದದ್ದು ಮಾತ್ರ ಮೀಟರ್.

1. ನಿಮಗೆ ನಾಯಿ ಬೇಕೇ ಎಂದು ತೀರ್ಮಾನಿಸಿ

ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ, ಅದರಲ್ಲೂ ಲೋ ಆದಾಗ ನಡುಕ, ಬೆವರು, ಎದೆಬಡಿತ ಯಾವುದೂ ಗೊತ್ತಾಗದವರಲ್ಲಿ ನಾಯಿಗೆ ಕೆಲಸ ಇದೆ. ವರ್ಷಗಟ್ಟಲೆ ಪದೇಪದೇ ಲೋ ಆದವರಿಗೆ ದೇಹದ ಎಚ್ಚರಿಕೆ ಹೀಗೆ ಮಂಕಾಗುವುದುಂಟು. ಮೆಟ್‌ಫಾರ್ಮಿನ್ ಮಾತ್ರೆ ಒಂದರಲ್ಲೇ ಇರುವ ಟೈಪ್ 2 ಮಧುಮೇಹಿಗೆ ಲೋ ಆಗುವುದು ಅಪರೂಪ. ಅವರಿಗೆ ಈ ನಾಯಿಯ ಖರ್ಚು, ಶ್ರಮ ಎರಡೂ ವ್ಯರ್ಥ.

ದಿನಕ್ಕೆ ಎರಡು ಸಲ ತರಬೇತಿ, ಎರಡು ಸಲ ನಡಿಗೆ, ವರ್ಷವಿಡೀ ಪಶುವೈದ್ಯರ ಖರ್ಚು, ಇವು ನಾಯಿ ಇರುವಷ್ಟು ಕಾಲವೂ ಇರುತ್ತವೆ. ಮನೆಯಲ್ಲಿ ಯಾರಿಗಾದರೂ ನಾಯಿಯ ಅಲರ್ಜಿ ಇದೆಯೇ ನೋಡಿ. ಊರಿನಿಂದ ಆರು ತಿಂಗಳಿಗೆಂದು ಬರುವ ಅಪ್ಪ ಅಮ್ಮನಿಗೆ ನಾಯಿ ಎಂದರೆ ಭಯವೇ, ಮಡಿಯ ಪ್ರಶ್ನೆ ಇದೆಯೇ ಎಂಬುದನ್ನು ಅವರು ಬರುವ ಮುಂಚೆಯೇ ಮಾತಾಡಿಕೊಳ್ಳಿ. ದೇವರ ಕೋಣೆಯ ಬಾಗಿಲಿಗೆ ಮಕ್ಕಳಿಗೆ ಹಾಕುವಂಥ ಗೇಟು ಹಾಕಿದರೆ ಅರ್ಧ ಜಗಳ ಮುಗಿಯುತ್ತದೆ.

2. ನಾಯಿ ಎಲ್ಲಿಂದ?

ಮೂರು ದಾರಿಗಳಿವೆ. ಒಂದು, ದತ್ತಿ ಸಂಸ್ಥೆಗಳು. ಕ್ಯಾಲಿಫೋರ್ನಿಯಾದ ಡಾಗ್ಸ್‌ ಫಾರ್ ಡಯಾಬಿಟಿಕ್ಸ್‌ ಅಂಥದ್ದು. ಇಲ್ಲಿ ಅರ್ಜಿ, ಸಂದರ್ಶನ, ಕಾಯುವ ಪಟ್ಟಿ ಎಲ್ಲ ಇರುತ್ತದೆ. ಎರಡು, ಹಣ ಕೊಟ್ಟು ಖಾಸಗಿ ತರಬೇತುದಾರರಿಂದ ತರುವುದು. ಮೂರು, ತರಬೇತುದಾರರ ಮಾರ್ಗದರ್ಶನದಲ್ಲಿ ನೀವೇ ಪಳಗಿಸುವುದು. ಕಾನೂನು ಮೂರನ್ನೂ ಒಪ್ಪುತ್ತದೆ.

ಮೋಸ ಹೆಚ್ಚು ನಡೆಯುವುದು ಎರಡನೆಯ ದಾರಿಯಲ್ಲಿ. 2018ರಲ್ಲಿ ವರ್ಜೀನಿಯಾ ರಾಜ್ಯದ ಅಟಾರ್ನಿ ಜನರಲ್ ಇಂಥ ಒಂದು ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿದರು. ಸರಿಯಾಗಿ ಪಳಗದ ಮರಿಗಳನ್ನು ಎಚ್ಚರಿಕೆ ನಾಯಿ ಎಂದು 18,000ದಿಂದ 27,000 ಡಾಲರಿಗೆ ಮಾರಿದರೆಂಬುದು ಆರೋಪ. ಮುಂಗಡ ಕೊಡುವ ಮುಂಚೆ ಇವನ್ನು ಕೇಳಿ: ನಾಯಿಯ ವಯಸ್ಸೆಷ್ಟು? ಅದು ಹಿಂದೆಂದೂ ಮೂಸದ ಮಾದರಿಯ ಮೇಲೆ ಪರೀಕ್ಷೆ ನಮ್ಮೆದುರು ನಡೆಯುತ್ತದೆಯೇ? ಪರೀಕ್ಷೆ ನಡೆಸುವವರಿಗೆ ಯಾವ ಶೀಶೆಯಲ್ಲಿ ಏನಿದೆ ಎಂದು ಗೊತ್ತಿರುತ್ತದೆಯೇ? (ಗೊತ್ತಿರಬಾರದು.) ನಾಯಿ ಕೆಲಸ ಮಾಡದಿದ್ದರೆ ಹಣ ವಾಪಸ್ಸೇ? "ನೂರಕ್ಕೆ ನೂರು ಹಿಡಿಯುತ್ತದೆ" ಎಂದವರಿಂದ ದೂರ ಇರಿ. ಎಂಟು ವಾರದ ಮರಿಯನ್ನು "ಈಗಾಗಲೇ ಪಳಗಿದೆ" ಎಂದು ಕೊಡುವವರಿಂದ ಇನ್ನೂ ದೂರ ಇರಿ.

ತಳಿಯ ವಿಷಯದಲ್ಲಿ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಹೆಚ್ಚಾಗಿ ಕಾಣುತ್ತವೆ. ಆದರೆ ತಳಿಗಿಂತ ಸ್ವಭಾವ ಮುಖ್ಯ. ಪಾತ್ರೆ ಬಿದ್ದ ಸದ್ದಿಗೆ ಬೆಚ್ಚಿದರೂ ಕ್ಷಣದಲ್ಲಿ ಸುಧಾರಿಸಿಕೊಳ್ಳುವ, ತಿನಿಸಿಗಾಗಿ ಮನಸ್ಸಿಟ್ಟು ದುಡಿಯುವ, ಜನರ ಹತ್ತಿರವೇ ಇರಬಯಸುವ ನಾಯಿ ಬೇಕು.

ನಾಯಿಯನ್ನು ಕೊಳ್ಳುವ, ಪಳಗಿಸುವ, ಸಾಕುವ ಖರ್ಚನ್ನು ಅಮೆರಿಕದ ಆದಾಯ ತೆರಿಗೆ ಇಲಾಖೆ ವೈದ್ಯಕೀಯ ಖರ್ಚೆಂದು ಒಪ್ಪುತ್ತದೆ. ರಸೀದಿಗಳನ್ನು ಮೊದಲ ದಿನದಿಂದಲೇ ಎತ್ತಿಡಿ.

3. ವಾಸನೆಯ ಮಾದರಿ ಸಂಗ್ರಹಿಸುವುದು

ನಿಮ್ಮ ನಾಯಿ ಸಂಸ್ಥೆಯಿಂದ ಬಂದದ್ದಾದರೂ ಈ ಭಾಗ ಓದಿ. ನಿಮ್ಮದೇ ವಾಸನೆಗೆ ಅದನ್ನು ಹೊಂದಿಸಬೇಕು, ವರ್ಷವರ್ಷವೂ ಅಭ್ಯಾಸ ಬಿಡದಂತೆ ನೋಡಿಕೊಳ್ಳಬೇಕು.

ಬೇಕಾದದ್ದು: ಹಲ್ಲಿನ ಡಾಕ್ಟರು ಬಾಯಲ್ಲಿಡುವ ಹತ್ತಿಯ ಸುರುಳಿಗಳು, ಬಿಗಿ ಮುಚ್ಚಳದ ಒಂದೇ ಬಗೆಯ ಚಿಕ್ಕ ಗಾಜಿನ ಶೀಶೆಗಳು, ಕೈಗವಸು, ಜಿಪ್ ಚೀಲ, ಹೆಸರಚೀಟಿ, ಫ್ರೀಜರಿನಲ್ಲಿ ಒಂದು ಪ್ರತ್ಯೇಕ ಡಬ್ಬಿ.

ಮಾದರಿಗೆಂದು ಶುಗರನ್ನು ಬೇಕೆಂದೇ ಇಳಿಸಬಾರದು. ತಾನಾಗಿ ಲೋ ಆದಾಗ ಮಾತ್ರ ತೆಗೆಯಬೇಕು. ಮೀಟರ್ 54ರಿಂದ 70ರ ಒಳಗೆ ತೋರಿಸಿ, ಮೈಮೇಲೆ ಎಚ್ಚರ ಇದ್ದರೆ, ಒಂದು ಕೈಯಲ್ಲಿ ಗ್ಲೂಕೋಸ್ ಮಾತ್ರೆಯ ಡಬ್ಬಿ ಬಿಚ್ಚುತ್ತಲೇ ಹತ್ತಿಯನ್ನು ಬಾಯಲ್ಲಿಟ್ಟು ಅರ್ಧ ನಿಮಿಷ ನೆನೆಸಿ, ಶೀಶೆಗೆ ಹಾಕಿ ಮುಚ್ಚಿ. 54ಕ್ಕಿಂತ ಕೆಳಗಿದ್ದರೆ ಹತ್ತಿಯನ್ನು ಮರೆತುಬಿಡಿ, ಗ್ಲೂಕೋಸ್ ತಿನ್ನಿ. ಮಾದರಿ ಇನ್ನೊಮ್ಮೆ ಸಿಗುತ್ತದೆ.

ಚೀಟಿಯ ಮೇಲೆ ದಿನ, ಹೊತ್ತು, ಮೀಟರಿನ ಸಂಖ್ಯೆ ಬರೆದು ಕೂಡಲೇ ಫ್ರೀಜರಿಗೆ ಹಾಕಿ. ಹಿಂದಿನ ಅರ್ಧ ಗಂಟೆಯಲ್ಲಿ ಊಟ, ಕಾಫಿ, ಹಲ್ಲುಜ್ಜುವುದು, ಎಲೆ ಅಡಿಕೆ ಏನಾದರೂ ಆಗಿದ್ದರೆ ಆ ಮಾದರಿ ಬೇಡ. ಒಮ್ಮೆ ಕರಗಿಸಿದ್ದನ್ನು ಮತ್ತೆ ಫ್ರೀಜರಿಗೆ ಇಡಬೇಡಿ. ಕೆಲವು ತಿಂಗಳು ಹಳೆಯದಾದರೆ ಎಸೆಯಿರಿ.

ಅದೇ ವ್ಯಕ್ತಿಯ ಶುಗರ್ 90ರಿಂದ 140ರ ನಡುವೆ ಇದ್ದಾಗ ತೆಗೆದ "ಸರಿ ಮಾದರಿ"ಗಳೂ ಅಷ್ಟೇ ಸಂಖ್ಯೆಯಲ್ಲಿ ಬೇಕು. ಹೆಚ್ಚಿನವರು ಎಡವುವುದು ಇಲ್ಲೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಲೋ ಮಾದರಿ ಫ್ರೀಜರಿನಿಂದ ಬಂದದ್ದು, ಸರಿ ಮಾದರಿ ಆಗಷ್ಟೇ ತೆಗೆದದ್ದು ಆಗಿದ್ದರೆ ನಾಯಿ ಕಲಿಯುವುದು ಫ್ರೀಜರಿನ ವಾಸನೆಯನ್ನು. ಲೋಗೆ ನೀಲಿ ಮುಚ್ಚಳ, ಸರಿಗೆ ಬಿಳಿ ಮುಚ್ಚಳ ಇಟ್ಟರೆ ಕಲಿಯುವುದು ಮುಚ್ಚಳವನ್ನು. ಲೋ ಎಲ್ಲವೂ ನಡುರಾತ್ರಿಯವು, ಸರಿ ಎಲ್ಲವೂ ಬೆಳಗಿನವು ಆದರೆ ನಿದ್ದೆಗಟ್ಟಿದ ಬಾಯಿಯ ವಾಸನೆಯನ್ನು ಕಲಿಯುತ್ತದೆ. ಒಂದೇ ಲೋ ಮಾದರಿಯನ್ನು ಹತ್ತು ದಿನ ಬಳಸಿದರೆ ಆ ಒಂದು ಹತ್ತಿಯನ್ನು ಗುರುತಿಟ್ಟುಕೊಳ್ಳುತ್ತದೆ. ಪರೀಕ್ಷೆಯಲ್ಲಿ ಇಂಥ ನಾಯಿ ಒಂದೂ ತಪ್ಪು ಮಾಡುವುದಿಲ್ಲ, ಮನೆಯಲ್ಲಿ ಶುಗರ್ 48ಕ್ಕೆ ಇಳಿದಾಗ ಪಕ್ಕದಲ್ಲೇ ಮಲಗಿರುತ್ತದೆ. ಆದ್ದರಿಂದ ಎರಡೂ ಬಗೆಯ ಮಾದರಿಗಳ ಶೀಶೆ, ಹತ್ತಿ, ಕೈಗವಸು, ಫ್ರೀಜರಿನಲ್ಲಿಟ್ಟ ಕಾಲ, ತೆಗೆದ ಹೊತ್ತು ಒಂದೇ ತೆರನಾಗಿರಲಿ. ಬೇರೆಯಾಗಬೇಕಾದದ್ದು ಶುಗರ್ ಮಾತ್ರ.

4. ಪಳಗಿಸುವ ಮೆಟ್ಟಿಲುಗಳು

ಕೂರು, ಮಲಗು, ಇರು, ಬಿಡು, ಬಾ ಎಂಬ ಐದು ಮಾತುಗಳು ಗಟ್ಟಿಯಾದ ಮೇಲೆ ಶುರುಮಾಡಿ. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಎರಡು ಸಲ ಸಾಕು.

ಮೊದಲ ಮೆಟ್ಟಿಲು: ಲೋ ಮಾದರಿಯ ಶೀಶೆ ಮೂಸಿದ ಕೂಡಲೇ ತಿನಿಸು. ವಾಸನೆ ಕಂಡರೆ ಬಾಯಿಗೆ ಏನೋ ಬರುತ್ತದೆ ಎಂಬುದು ಮನಸ್ಸಿಗೆ ಇಳಿಯಲಿ.

ಎರಡನೆಯದು: ಐದಾರು ಶೀಶೆಗಳ ಸಾಲು. ಒಂದರಲ್ಲಿ ಲೋ, ಎರಡರಲ್ಲಿ ಸರಿ ಮಾದರಿ, ಉಳಿದವಕ್ಕೆ ಒಣ ಹತ್ತಿ. ಲೋ ಇರುವ ಶೀಶೆಯ ಮುಂದೆ ನಿಂತರೆ ತಿನಿಸು. ಜಾಗ ಪ್ರತಿ ಸಲ ಬದಲಾಗಬೇಕು. ಶೀಶೆ ಜೋಡಿಸುವವರು ಬೇರೆ ಕೋಣೆಗೆ ಹೋಗಲಿ, ನಾಯಿಯ ಜೊತೆ ಇರುವವರಿಗೆ ಉತ್ತರ ಗೊತ್ತಿರದಿರಲಿ. ನೀವು ಉಸಿರು ಬಿಗಿಹಿಡಿದದ್ದನ್ನೂ, ಕಣ್ಣು ಹಾಯಿಸಿದ್ದನ್ನೂ ನಾಯಿ ಓದುತ್ತದೆ.

ಮೂರನೆಯದು ಸನ್ನೆ. ನಾಯಿ ಬೇರೆ ಯಾವುದಕ್ಕೂ ಬಳಸದ ಒಂದು ನಡತೆಯನ್ನು ಆರಿಸಿಕೊಳ್ಳಿ. ಬೊಗಳುವುದು ಬೇಡ, ಅಂಗಡಿಯಲ್ಲಿ, ಕಛೇರಿಯಲ್ಲಿ ಅದು ತೊಂದರೆ. ಮೊಣಕಾಲಿಗೆ ಮೂತಿಯಿಂದ ಎರಡು ಸಲ ಬಲವಾಗಿ ತಿವಿಯುವುದು ಒಳ್ಳೆಯದು. ಕೊರಳಿಗೆ ಕಟ್ಟಿದ ಗೇಣುದ್ದದ ಮೆತ್ತನೆಯ ಪಟ್ಟಿಯನ್ನು ಬಾಯಲ್ಲಿ ಕಚ್ಚಿ ತೋರಿಸುವ ಪದ್ಧತಿಯೂ ಇದೆ. ದೂರದಿಂದಲೇ ಕಾಣುತ್ತದೆ, ಬೇರೆ ಚೇಷ್ಟೆಯ ಜೊತೆ ಬೆರೆಯುವುದಿಲ್ಲ. ಪಂಜಾ ಇಡುವುದನ್ನು ಮಾತ್ರ ನಾವು ಸೂಚಿಸುವುದಿಲ್ಲ. ಕಾಲಿನ ಸಂವೇದನೆ ಕಡಿಮೆಯಾದ ಮಧುಮೇಹಿಗೆ ಉಗುರು ಗೀರಿದ್ದು ಗೊತ್ತೇ ಆಗುವುದಿಲ್ಲ.

ನಾಲ್ಕನೆಯದು: ಮಾದರಿಯನ್ನು ಜೇಬಿನಲ್ಲಿ, ಕಾಲುಚೀಲದಲ್ಲಿ ಬಚ್ಚಿಟ್ಟುಕೊಂಡು ಟಿವಿ ನೋಡುತ್ತಾ, ಅಡುಗೆ ಮಾಡುತ್ತಾ ಇರುವುದು. ನೀವು ಕೇಳದೆಯೇ ನಾಯಿ ತಾನಾಗಿ ಬಂದು ಸನ್ನೆ ಕೊಡಬೇಕು. ವಾರಗಟ್ಟಲೆ ಹಿಡಿಯುವ ಮೆಟ್ಟಿಲು ಇದೇ. ಆಮೇಲೆ ಅಂಗಳ, ಕಾರು, ಪಾರ್ಕು, ಅಂಗಡಿ. ಹಿಂದೆಂದೂ ಮೂಸದ ಮಾದರಿಗಳ ಮೇಲೆ ಹತ್ತಕ್ಕೆ ಒಂಬತ್ತು ಸರಿ ಬರುವವರೆಗೆ ಮುಂದಿನ ಜಾಗಕ್ಕೆ ಹೋಗಬೇಡಿ.

5. ಸನ್ನೆ ಬಂದಾಗ ಪ್ರತಿ ಸಲವೂ ಇದೇ ಕ್ರಮ

ಮೊದಲು ಕೈ ತೊಳೆಯಿರಿ. ಬೆರಳಲ್ಲಿ ಮಾವಿನ ಹಣ್ಣಿನ ರಸವೋ ನಾಯಿಯ ತಿನಿಸಿನ ಪುಡಿಯೋ ಇದ್ದರೆ ಮೀಟರ್ ಹೆಚ್ಚು ತೋರಿಸಿ ನಿಜವಾದ ಲೋವನ್ನು ಮುಚ್ಚಿಬಿಡುತ್ತದೆ. ನೀರು ಇಲ್ಲದಿದ್ದರೆ ಮೊದಲ ಹನಿ ಒರೆಸಿ ಎರಡನೆಯದನ್ನು ಬಳಸಿ. ಆಮೇಲೆ ಚುಚ್ಚಿ ನೋಡಿ. ಸೆನ್ಸರಿನ ಸಂಖ್ಯೆಯನ್ನಷ್ಟೇ ನಂಬಿ ನಾಯಿಯನ್ನು ದೂರ ತಳ್ಳಬೇಡಿ. ಸೆನ್ಸರ್ ಅಳೆಯುವುದು ಚರ್ಮದಡಿಯ ದ್ರವವನ್ನು. ಶುಗರ್ ಬೇಗಬೇಗ ಇಳಿಯುವಾಗ ಅದು ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ.

70ಕ್ಕಿಂತ ಕಡಿಮೆ ಇದ್ದರೆ 15 ಗ್ರಾಂ ಬೇಗ ಏರುವ ಸಕ್ಕರೆ ತಿನ್ನಿ: 4 ಗ್ರಾಮಿನ ಗ್ಲೂಕೋಸ್ ಮಾತ್ರೆ ನಾಲ್ಕು, ಅಥವಾ ಅರ್ಧ ಕಪ್ ಹಣ್ಣಿನ ರಸ, ಅಥವಾ ಒಂದು ದೊಡ್ಡ ಚಮಚ ಸಕ್ಕರೆ ನೀರಿಗೆ ಹಾಕಿ. 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ. ಇನ್ನೂ ಕಡಿಮೆಯಿದ್ದರೆ ಮತ್ತೆ 15 ಗ್ರಾಂ. ಚಿಕ್ಕ ಮಕ್ಕಳಿಗೆ ಇದಕ್ಕಿಂತ ಕಡಿಮೆ ಸಾಕು. ಎಷ್ಟೆಂದು ನಿಮ್ಮ ಡಾಕ್ಟರಿಂದ ಮೊದಲೇ ಬರೆಸಿಟ್ಟುಕೊಳ್ಳಿ. ಮೈಸೂರು ಪಾಕು, ಲಾಡು, ಚಾಕಲೇಟು ಈ ಹೊತ್ತಿಗೆ ಬೇಡ. ತುಪ್ಪ ಮತ್ತು ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತವೆ.

ಇನ್ನು ನಾಯಿಯ ಪಾಲು. ಲೋ ನಿಜವಾಗಿದ್ದರೆ ಕೂಡಲೇ ಅದರ ಅತ್ಯಂತ ಇಷ್ಟದ ತಿನಿಸು ಕೊಡಿ. ಮೀಟರ್ ಸರಿಯಿದ್ದರೆ ಬೈಯಬೇಡಿ, ತಿನಿಸೂ ಬೇಡ. "ಸರಿ, ನೋಡ್ತೀನಿ" ಎಂದು ತಲೆ ಸವರಿ 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ. ನಾಯಿ ಕೆಲವೊಮ್ಮೆ ಮುಂಚಿತವಾಗಿ ಹೇಳಿರುತ್ತದೆ. ಆಗ ಸಂಖ್ಯೆ ಇಳಿದಿದ್ದರೆ ತಿನಿಸು ಕೊಡಿ. ಇಲ್ಲದಿದ್ದರೆ ಅಲ್ಲಿಗೆ ಬಿಡಿ.

ನಾಯಿಗಳು ಹಾಳಾಗುವುದು ಈ ಹಂತದಲ್ಲಿ. ಮುದ್ದಿಗೆ ಕರಗಿ ಪ್ರತಿ ತಿವಿತಕ್ಕೂ ತಿನಿಸು ಕೊಟ್ಟರೆ ಎರಡೇ ವಾರದಲ್ಲಿ ನಾಯಿ ಹಸಿವಾದಾಗೆಲ್ಲ ಸನ್ನೆ ಕೊಡುತ್ತದೆ. ಮಾತು ಮುಗಿಯಲಿ, ಮೀಟಿಂಗ್ ಮುಗಿಯಲಿ ಎಂದು ನಿಜವಾದ ಸನ್ನೆಯನ್ನು ನಾಲ್ಕು ಸಲ ಕಡೆಗಣಿಸಿದರೆ ಐದನೇ ಸಲ ಹೇಳುವುದೇ ಇಲ್ಲ. ಲೋ ಆದ ಮನುಷ್ಯನಿಗೆ ತಲೆ ಓಡುವುದಿಲ್ಲ, ನಾಯಿಯ ತಿನಿಸು ಎಲ್ಲಿದೆ ಎಂದು ಹುಡುಕಲಾರ. ಅದಕ್ಕೇ ಗ್ಲೂಕೋಸ್ ಮಾತ್ರೆ, ಮೀಟರ್, ನಾಯಿಯ ತಿನಿಸು ಮೂರೂ ಒಂದೇ ಸೊಂಟಚೀಲದ ಬೇರೆ ಬೇರೆ ಜೇಬಿನಲ್ಲಿರಲಿ.

ಒಂದು ನೋಟ್‌ಬುಕ್ಕಿನಲ್ಲಿ ಐದು ಕಾಲಂ ಹಾಕಿ: ಹೊತ್ತು, ಸನ್ನೆ ಬಂತೇ, ಮೀಟರ್, ಸೆನ್ಸರ್, 15 ನಿಮಿಷದ ನಂತರದ ಮೀಟರ್. ನಾಯಿ ಹೇಳದೆ ಬಿಟ್ಟ ಲೋಗಳನ್ನೂ ಬರೆಯಿರಿ. ಹೊಗಳಿಕೆಯ ನೆನಪಷ್ಟೇ ಉಳಿಯುವುದು ಮನಸ್ಸಿನ ಗುಣ, ಪುಸ್ತಕ ಹಾಗಲ್ಲ. ತಿಂಗಳ ಕೊನೆಗೆ ಎಣಿಸಿ. ಹಿಡಿದದ್ದಕ್ಕಿಂತ ಬಿಟ್ಟದ್ದು ಹೆಚ್ಚಾಗಿದ್ದರೆ ಶೀಶೆಗಳ ಸಾಲಿಗೆ ವಾಪಸ್ ಹೋಗಿ.

ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಉಸಿರ್ನಾಳಕ್ಕೆ ಹೋಗುತ್ತದೆ. ಪಕ್ಕಕ್ಕೆ ಮಗ್ಗುಲಾಗಿಸಿ, ಶುಗರ್ ಏರಿಸುವ ತುರ್ತು ಔಷಧಿ ಗ್ಲುಕಗಾನ್ ಕೊಟ್ಟು (ಮೂಗಿಗೆ ಊದುವ ಪುಡಿಯೂ ಬರುತ್ತದೆ, ಚುಚ್ಚುಮದ್ದೂ ಬರುತ್ತದೆ), 911ಕ್ಕೆ ಕರೆಮಾಡಿ. ಒಬ್ಬರು ನಾಯಿಯನ್ನು ಬೇರೆ ಕೋಣೆಗೆ ಕರೆದೊಯ್ಯಲಿ. ಯಜಮಾನನ ಮೈಮೇಲೆ ಕಾವಲು ನಿಂತ ನಾಯಿ ಆಂಬ್ಯುಲೆನ್ಸಿನವರನ್ನು ಹತ್ತಿರ ಬಿಡದಿರಬಹುದು.

6. ಅಡುಗೆಮನೆ, ಕಸದ ಬುಟ್ಟಿ

ಮಧುಮೇಹಿಯ ಮನೆಯಲ್ಲಿ ನಾಯಿಗೆ ವಿಷವಾಗುವ ವಸ್ತು ಬೇರೆ ಮನೆಗಳಿಗಿಂತ ಹೆಚ್ಚು ಇರುತ್ತದೆ. ಮೊದಲನೆಯದು ಕ್ಸೈಲಿಟಾಲ್. ಸಕ್ಕರೆರಹಿತ ಚೂಯಿಂಗ್ ಗಮ್, ಪೆಪ್ಪರ್‌ಮಿಂಟು, ಕೆಲವು ಬಗೆಯ ಕಡಲೆಕಾಯಿ ಬೆಣ್ಣೆ, ಟೂತ್‌ಪೇಸ್ಟುಗಳಲ್ಲಿ ಇರುತ್ತದೆ. "ಬರ್ಚ್ ಶುಗರ್" ಎಂದೂ ಲೇಬಲ್ಲಿನಲ್ಲಿ ಬರೆದಿರುತ್ತಾರೆ. ನಾಯಿಯ ದೇಹದಲ್ಲಿ ಅದು ಇನ್ಸುಲಿನ್ ಉಕ್ಕಿಸಿ ಶುಗರನ್ನು ಪಾತಾಳಕ್ಕೆ ಇಳಿಸುತ್ತದೆ, ಪ್ರಮಾಣ ಹೆಚ್ಚಾದರೆ ಯಕೃತ್ತು ಕೆಡುತ್ತದೆ. ನಾಯಿಗೆ ಮಾತ್ರೆ ನುಂಗಿಸಲು ಕಡಲೆಕಾಯಿ ಬೆಣ್ಣೆ ಹಚ್ಚುವವರು ಡಬ್ಬಿಯ ಹಿಂಭಾಗ ಓದಿಯೇ ಹಚ್ಚಿ.

ಎರಡನೆಯದು ಒಣದ್ರಾಕ್ಷಿ. ಲೋ ಆದಾಗ ತಿನ್ನಲೆಂದು ಜೇಬಿನಲ್ಲಿ ಇಟ್ಟುಕೊಳ್ಳುವವರಿದ್ದಾರೆ, ನಮ್ಮ ಕೇಸರಿಬಾತು, ಪಾಯಸಗಳಲ್ಲೂ ಇರುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡಕ್ಕೆ ಅಪಾಯ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಹುಳಿ, ಪಲ್ಯ ಬೇಡ. "ಪಾಪ, ಬಾಯಿ ನೋಡ್ತಾ ಕೂತಿದೆ" ಎಂದು ಅಜ್ಜಿ ತಟ್ಟೆಯಿಂದ ಒಂದು ತುತ್ತು ಹಾಕಿದರೆ ಹೊಟ್ಟೆಯ ಜೊತೆ ತರಬೇತಿಯೂ ಕೆಡುತ್ತದೆ. ನಾಯಿಗೆ ತಿನ್ನಿಸುವವರು ಯಾರೆಂದು ಫ್ರಿಜ್ಜಿನ ಮೇಲೆ ಕನ್ನಡದಲ್ಲೇ ಬರೆದು ಅಂಟಿಸಿ. ಅಲ್ಲೇ ಪಕ್ಕದಲ್ಲಿ ಪ್ರಾಣಿಗಳ ವಿಷಚಿಕಿತ್ಸೆಯ ಸಹಾಯವಾಣಿ ಸಂಖ್ಯೆಯೂ ಇರಲಿ: ಎಎಸ್‌ಪಿಸಿಎ, 888-426-4435. ಅವರು ಶುಲ್ಕ ಕೇಳಬಹುದು, ಹಗಲು ರಾತ್ರಿ ಸಿಗುತ್ತಾರೆ.

ಬಳಸಿದ ಸೂಜಿ, ಬೆರಳು ಚುಚ್ಚುವ ಲ್ಯಾನ್ಸೆಟ್ ಗಟ್ಟಿ ಡಬ್ಬಿಗೆ ಹೋಗಲಿ. ರಕ್ತದ ವಾಸನೆ ಇರುವ ಮೀಟರಿನ ಸ್ಟ್ರಿಪ್ಪುಗಳನ್ನು ನಾಯಿ ಹುಡುಕಿಕೊಂಡು ಹೋಗುತ್ತದೆ. ಅವಕ್ಕೆ ಮುಚ್ಚಳವಿರುವ, ಕಾಲಲ್ಲಿ ಒತ್ತಿ ತೆರೆಯುವ ಬುಟ್ಟಿ ಇಡಿ. ಇನ್ಸುಲಿನ್ ಪೆನ್ನು ಕಚ್ಚಿ ಒಡೆದಿದ್ದರೆ ಕಾಯಬೇಡಿ, ನೇರ ಪಶುವೈದ್ಯರ ಬಳಿ ಹೋಗಿ. ಎಷ್ಟು ಯುನಿಟ್ ಉಳಿದಿತ್ತು ಎಂದು ಹೇಳಿ.

ಸೋಫಾದ ಮೇಲೆ ಮಲಗಿರುವಾಗ ನಾಯಿ ನಿಮ್ಮ ಪಾದ ನೆಕ್ಕುವುದು ಪ್ರೀತಿಯೇ. ಆದರೆ ಬಿರುಕುಬಿಟ್ಟ ಹಿಮ್ಮಡಿಗೆ, ಗಾಯಕ್ಕೆ ಅದರ ನಾಲಿಗೆ ತಾಗದಿರಲಿ. ರಾತ್ರಿ ಪಾದ ನೋಡಿಕೊಳ್ಳುವ ಅಭ್ಯಾಸದ ಜೊತೆಗೆ ನಾಯಿಯ ಉಗುರನ್ನೂ ನೋಡಿಬಿಡಿ. ನೆಲದ ಮೇಲೆ ನಡೆಯುವಾಗ ಟಕಟಕ ಎಂದರೆ ಕತ್ತರಿಸುವ ಕಾಲ ಬಂದಿದೆ.

7. ರಾತ್ರಿ

ನಾಯಿಯೂ ನಿದ್ದೆ ಮಾಡುತ್ತದೆ. ಕೆಲವು ನಾಯಿಗಳು ವಾಸನೆಗೆ ಎಚ್ಚರಗೊಳ್ಳುತ್ತವೆ, ಕೆಲವು ಬೆಳಗಿನವರೆಗೂ ಏಳುವುದಿಲ್ಲ. ಆದ್ದರಿಂದ ರಾತ್ರಿಯ ಮೊದಲ ಕಾವಲು ಸೆನ್ಸರಿನ ಅಲಾರಮ್ಮೇ. ಮಗುವಿನ ಸೆನ್ಸರನ್ನು ಅಪ್ಪ ಅಮ್ಮನ ಫೋನಿಗೂ ಜೋಡಿಸಿ.

ನಾಯಿಯ ಹಾಸಿಗೆ ಮಲಗಿದವರ ಮುಖದ ಎತ್ತರಕ್ಕೆ ಹತ್ತಿರವಿರಲಿ, ಫ್ಯಾನಿನ ಗಾಳಿ ಮಲಗಿದವರ ಕಡೆಯಿಂದ ನಾಯಿಯ ಕಡೆಗೆ ಬೀಸಲಿ. ರಾತ್ರಿಯ ಅಭ್ಯಾಸಕ್ಕೆ ವಾರಕ್ಕೆ ಎರಡು ಸಲ, ನಾಯಿ ಮಲಗಿದ ಮೇಲೆ, ಇನ್ನೊಬ್ಬರು ಸದ್ದಿಲ್ಲದೆ ಬಂದು ದಿಂಬಿನ ಪಕ್ಕ ಮಾದರಿ ಇಡಬೇಕು. ಮಗುವಿನ ನಾಯಿಗೆ ಇನ್ನೊಂದು ಹೆಜ್ಜೆ ಬೇಕು: ಮಗು ಏಳದಿದ್ದರೆ ಅಪ್ಪ ಅಮ್ಮನ ಕೋಣೆಗೆ ಓಡಿಬಂದು ತಿವಿಯುವುದು. ಎರಡೂ ಕೋಣೆಯ ಬಾಗಿಲು ತೆರೆದಿಟ್ಟು ಮಲಗಬೇಕು, ಬಾಗಿಲು ಹಾಕಿದ ಮನೆಯಲ್ಲಿ ಈ ತರಬೇತಿಗೆ ಅರ್ಥವಿಲ್ಲ.

ಸೆನ್ಸರ್ ಕೂಗುತ್ತಿದೆ, ನಾಯಿ ಸುಮ್ಮನಿದೆ, ಹೀಗೂ ಆಗುತ್ತದೆ. ಸೆನ್ಸರ್ ಇರುವ ತೋಳಿನ ಮೇಲೆ ಮಗ್ಗುಲಾಗಿ ಮಲಗಿದರೆ ಒತ್ತಡಕ್ಕೆ ಅದು ಸುಳ್ಳು ಲೋ ತೋರಿಸುತ್ತದೆ. ನಾಯಿಯೇ ಆ ತೋಳಿನ ಮೇಲೆ ತಲೆಯಿಟ್ಟು ಮಲಗಿದ್ದರೂ ಅಷ್ಟೇ. ಮಗ್ಗುಲು ಬದಲಿಸಿ, ಬೆರಳು ಚುಚ್ಚಿ ನೋಡಿ.

8. ನಡಿಗೆ

ನಾಯಿಯ ನಡಿಗೆ ನಿಮಗೂ ವ್ಯಾಯಾಮವೇ, ಶುಗರ್ ಇಳಿಸುತ್ತದೆ. ಊಟಕ್ಕೆ ಇನ್ಸುಲಿನ್ ತೆಗೆದುಕೊಂಡ ಒಂದೆರಡು ಗಂಟೆಯೊಳಗೆ ಹೊರಟರೆ ಇನ್ನೂ ಬೇಗ. ಹೊರಡುವ ಮುಂಚೆ ನೋಡಿ, ಕಡಿಮೆಯಿದ್ದರೆ ಏನಾದರೂ ತಿಂದು ಹೊರಡಿ. ಸೊಂಟಚೀಲವಿಲ್ಲದೆ ಗೇಟು ದಾಟಬೇಡಿ. ಟೆಕ್ಸಸ್, ಅರಿಜೋನಾದ ಬೇಸಿಗೆಯಲ್ಲಿ ಅಂಗೈಯ ಹಿಂಭಾಗವನ್ನು ಕಾಲುದಾರಿಯ ಮೇಲೆ ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುತ್ತದೆ. ಬಹುಮಾನದ ತಿನಿಸು ದಿನದ ಆಹಾರದ ಹತ್ತನೇ ಒಂದು ಭಾಗ ದಾಟದಿರಲಿ.

9. ಹೊರಗೆ: ಅಂಗಡಿ, ದೇವಸ್ಥಾನ, ಶಾಲೆ, ಬಾಡಿಗೆ ಮನೆ

ಅಂಗವಿಕಲರ ಹಕ್ಕಿನ ಕಾನೂನಿನ (ಎಡಿಎ) ನಿಯಮ 2011ರ ಮಾರ್ಚ್ 15ರಿಂದ ಜಾರಿಯಲ್ಲಿದೆ. ಅದರಂತೆ ಅಂಗಡಿ, ಹೋಟೆಲಿನವರು ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಬೇಕಾದ ಸರ್ವಿಸ್ ನಾಯಿಯೇ ಇದು? ಯಾವ ಕೆಲಸಕ್ಕೆ ಪಳಗಿಸಿದ್ದೀರಿ? ಎರಡನೆಯದಕ್ಕೆ "ರಕ್ತದ ಸಕ್ಕರೆ ಇಳಿದಾಗ ಎಚ್ಚರಿಸುತ್ತದೆ" ಎಂದರೆ ಮುಗಿಯಿತು. ಪ್ರಮಾಣಪತ್ರ ಕೇಳುವಂತಿಲ್ಲ, ಮಾಡಿ ತೋರಿಸಿ ಎನ್ನುವಂತಿಲ್ಲ. ಅಂತರ್ಜಾಲದಲ್ಲಿ ಹಣಕ್ಕೆ ಸಿಗುವ "ನೋಂದಣಿ" ಕಾರ್ಡಿಗೆ ಕಾನೂನಿನಲ್ಲಿ ಬೆಲೆಯಿಲ್ಲ, ಅದಕ್ಕೆ ದುಡ್ಡು ಹಾಕಬೇಡಿ. ಆದರೆ ನಾಯಿ ಹತೋಟಿ ತಪ್ಪಿದರೆ, ಒಳಗೆ ಗಲೀಜು ಮಾಡಿದರೆ ಹೊರಗೆ ಕಳಿಸುವ ಹಕ್ಕು ಅವರಿಗಿದೆ. ಇನ್ನೂ ಕಲಿಯುತ್ತಿರುವ ನಾಯಿಗೆ ಈ ಕಾನೂನು ಅನ್ವಯಿಸದು, ಅದಕ್ಕೆ ನಿಮ್ಮ ರಾಜ್ಯದ ನಿಯಮ ನೋಡಬೇಕು. ಪಳಗದ ಸಾಕುನಾಯಿಯನ್ನು ಸರ್ವಿಸ್ ನಾಯಿ ಎಂದು ಸುಳ್ಳು ಹೇಳುವುದು ಕ್ಯಾಲಿಫೋರ್ನಿಯಾದಲ್ಲಿ ಅಪರಾಧ.

ದೇವಸ್ಥಾನದ ಪ್ರಶ್ನೆಗೆ ಉತ್ತರ ಬೇರೆ. ಧಾರ್ಮಿಕ ಸಂಸ್ಥೆಗಳಿಗೆ ಈ ಕಾನೂನಿನಿಂದ ವಿನಾಯಿತಿ ಇದೆ, ಬೇಡ ಎನ್ನಬಹುದು. ಬಾಗಿಲಲ್ಲಿ ವಾದ ಮಾಡುವ ಬದಲು ಹಿಂದಿನ ದಿನವೇ ಕಚೇರಿಗೆ ಫೋನ್ ಮಾಡಿ. ಗರ್ಭಗುಡಿಯ ಸಭಾಂಗಣಕ್ಕೆ ಬೇಡವೆಂದರೂ ಊಟದ ಹಾಲಿಗೆ, ಕಾರ್ಯಕ್ರಮದ ಹಾಲಿಗೆ ಒಪ್ಪಬಹುದು. ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವಗಳಿಗೂ ಸಂಘಟಕರಿಗೆ ಮೊದಲೇ ತಿಳಿಸಿ, ಸಾಲಿನ ಕೊನೆಯ ಕುರ್ಚಿ ಕೇಳಿ. ಇಂಥ ಕಡೆ ಊಟ ತಡವಾಗುವುದು ಮಾಮೂಲು. ಎಲೆಗೆ ಬಡಿಸುವ ಮುಂಚೆ ಇನ್ಸುಲಿನ್ ಹಾಕಿಕೊಂಡು ಕೂತರೆ ನಾಯಿಗೆ ಕೆಲಸ ಗ್ಯಾರಂಟಿ. ಅನ್ನ ಎಲೆಗೆ ಬಿದ್ದ ಮೇಲೆ ಹಾಕಿಕೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿಟ್ಟುಕೊಳ್ಳಿ. ಮಕ್ಕಳೆಲ್ಲ ಬಂದು ಮುಟ್ಟಲು ನೋಡುತ್ತಾರೆ. "ಇದು ಡ್ಯೂಟಿಲಿದೆ ಪುಟ್ಟಾ, ಆಮೇಲೆ ಮುಟ್ಟು" ಎಂದರೆ ಅವರಿಗೆ ಅರ್ಥವಾಗುತ್ತದೆ.

ಶಾಲೆಗೆ ನಾಯಿ ಹೋಗಬಹುದು, ಆದರೆ ಅದನ್ನು ನೋಡಿಕೊಳ್ಳುವ ಹೊಣೆ ಶಾಲೆಯದಲ್ಲ. ಏಳು ವರ್ಷದ ಮಗು ತಾನೇ ನಾಯಿಯನ್ನು ಹತೋಟಿಯಲ್ಲಿಡಲಾರದು. ಬೇರೆ ಯಾರು ನೋಡಿಕೊಳ್ಳುತ್ತಾರೆ ಎಂಬುದು ಮಗುವಿನ 504 ಯೋಜನೆಯಲ್ಲಿ (ಶಾಲೆಯಲ್ಲಿ ಮಗುವಿಗೆ ಬೇಕಾದ ಅನುಕೂಲಗಳ ಲಿಖಿತ ಒಪ್ಪಂದ) ಬರೆದಿರಲಿ. ಕೆಲಸದ ಜಾಗದಲ್ಲಿ ಎರಡು ಪ್ರಶ್ನೆಯ ನಿಯಮ ನಡೆಯದು. ಅಲ್ಲಿ ಮೊದಲೇ ಅರ್ಜಿ ಕೊಡಬೇಕು, ಡಾಕ್ಟರ ಪತ್ರ ಕೇಳಬಹುದು. ಬಾಡಿಗೆ ಮನೆಯಲ್ಲಿ ಸಾಕುಪ್ರಾಣಿಯ ಶುಲ್ಕ ಹಾಕುವಂತಿಲ್ಲ. ನಾಯಿ ಕಿತ್ತ ಕಾರ್ಪೆಟ್ಟಿನ ಹಣ ಮಾತ್ರ ನಿಮ್ಮದೇ.

10. ವಿಮಾನ ಮತ್ತು ಊರು

ವಿಮಾನಯಾನಕ್ಕೆ ಬೇರೆಯೇ ನಿಯಮ, 2021ರ ಜನವರಿ 11ರಿಂದ ಜಾರಿಯಲ್ಲಿದೆ. ನಾಯಿಯ ಆರೋಗ್ಯ, ನಡತೆ, ತರಬೇತಿಯ ಬಗ್ಗೆ ಸಾರಿಗೆ ಇಲಾಖೆಯ ಫಾರಂ ತುಂಬಬೇಕು. ಟಿಕೆಟ್ ಮುಂಚೆಯೇ ಮಾಡಿಸಿದ್ದರೆ ವಿಮಾನ ಸಂಸ್ಥೆಯವರು ಅದನ್ನು 48 ಗಂಟೆ ಮೊದಲು ಕೇಳಬಹುದು. 8 ಗಂಟೆ ಅಥವಾ ಹೆಚ್ಚಿನ ಹಾರಾಟಕ್ಕೆ ಇನ್ನೊಂದು ಫಾರಂ ಕೇಳಬಹುದು. ನಾಯಿ ಅಷ್ಟು ಹೊತ್ತು ತಡೆದುಕೊಳ್ಳುತ್ತದೆ, ಇಲ್ಲವೇ ಗಲೀಜಾಗದಂತೆ ಮುಗಿಸಿಕೊಳ್ಳುತ್ತದೆ ಎಂದು ಅದರಲ್ಲಿ ಬರೆದುಕೊಡಬೇಕು. ನಾಯಿ ನಿಮ್ಮ ಕಾಲ ಬಳಿಯ ಜಾಗದಲ್ಲೇ ಹಿಡಿಸಬೇಕು.

ಬೆಂಗಳೂರಿಗೆ? ಮೂರು ವಾರದ ಮದುವೆ ಪ್ರಯಾಣಕ್ಕೆ ನಾಯಿಯನ್ನು ಕರೆದೊಯ್ಯಬೇಡಿ ಎಂಬುದೇ ನಮ್ಮ ಸಲಹೆ. ಭಾರತಕ್ಕೆ ನಾಯಿ ತರಲು ಅಲ್ಲಿನ ಪ್ರಾಣಿ ಸಂಗರೋಧ (ಕ್ವಾರಂಟೈನ್) ವಿಭಾಗದ ಒಪ್ಪಿಗೆಪತ್ರ ಬೇಕು. ಅಲ್ಲಿ ಎರಡು ಪ್ರಶ್ನೆಯ ಹಕ್ಕಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಮಧುಮೇಹ ಇಲ್ಲ. ಹೋಟೆಲು, ಕಲ್ಯಾಣ ಮಂಟಪ, ರೈಲು ಎಲ್ಲೆಡೆ ಅವರವರ ಮರ್ಜಿ. ಬೀದಿನಾಯಿಗಳ ಹಿಂಡಿನ ನಡುವೆ ಅದಕ್ಕೆ ಕೆಲಸದ ಮೇಲೆ ಗಮನವೂ ನಿಲ್ಲದು.

ವರ್ಷಕ್ಕೆಂದು ಹೋಗುವವರು ಕರೆದೊಯ್ಯಲೇಬೇಕಾದರೆ, ವಾಪಸ್ ಬರುವ ಕಾಗದವನ್ನು ಹೊರಡುವ ಮುಂಚೆಯೇ ಮಾಡಿಸಿಕೊಳ್ಳಿ. 2024ರ ಆಗಸ್ಟ್ 1ರಿಂದ ಅಮೆರಿಕ ಪ್ರವೇಶಿಸುವ ನಾಯಿಗೆ ಕನಿಷ್ಠ ಆರು ತಿಂಗಳ ವಯಸ್ಸು, ಮೈಕ್ರೋಚಿಪ್, ಅಮೆರಿಕದ ರೋಗ ನಿಯಂತ್ರಣ ಕೇಂದ್ರದ (ಸಿಡಿಸಿ) ಫಾರಂ ಬೇಕು. ಹುಚ್ಚುನಾಯಿ ರೋಗದ ಅಪಾಯ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿ ಭಾರತ ಇದೆ. ಹಾಗಾಗಿ ಅಮೆರಿಕದಲ್ಲೇ ರೇಬಿಸ್ ಲಸಿಕೆ ಆಗಿದೆ ಎಂಬ ಪ್ರಮಾಣಪತ್ರಕ್ಕೆ ಅಮೆರಿಕದ ಕೃಷಿ ಇಲಾಖೆಯ ಮೊಹರು ಬೀಳಬೇಕು, ಅದೂ ನಾಯಿ ಅಮೆರಿಕ ಬಿಡುವ ಮೊದಲು. ಊರಿಗೆ ಹೋದ ಮೇಲೆ ನೆನಪಾದರೆ ಆ ದಾರಿ ಮುಚ್ಚಿರುತ್ತದೆ. ಆಮೇಲೆ ರಕ್ತಪರೀಕ್ಷೆ, ನಿಗದಿತ ಕೇಂದ್ರದಲ್ಲಿ ತಪಾಸಣೆ, ರಕ್ತಪರೀಕ್ಷೆ ಇಲ್ಲದಿದ್ದರೆ 28 ದಿನದ ಸಂಗರೋಧ. ಲಸಿಕೆಯ ಅವಧಿ ನೀವು ವಾಪಸ್ ಬರುವ ದಿನಕ್ಕೂ ಚಾಲ್ತಿಯಲ್ಲಿರಬೇಕು.

ನಾಯಿಯನ್ನು ಬಿಟ್ಟು ಹೋಗುವವರು ನೋಡಿಕೊಳ್ಳುವವರ ಫ್ರೀಜರಿನಲ್ಲಿ ಲೋ ಮತ್ತು ಸರಿ ಮಾದರಿಗಳ ಹತ್ತು ಹತ್ತು ಶೀಶೆ ಇಟ್ಟು ಹೋಗಿ. ದಿನಕ್ಕೊಮ್ಮೆ ಐದು ನಿಮಿಷ ಶೀಶೆಗಳ ಸಾಲಿನ ಅಭ್ಯಾಸ ಮಾಡಿಸಲಿ. ನೀವು ವಾಪಸ್ ಬಂದ ಮೊದಲ ವಾರ ನಾಯಿಗೆ ನಿಮ್ಮನ್ನು ಕಂಡ ಸಂಭ್ರಮವೇ ಹೆಚ್ಚು. ನಿಮಗೆ ನಿದ್ದೆಯ ಹೊತ್ತು, ಊಟದ ಹೊತ್ತು, ಇನ್ಸುಲಿನ್ ಹೊತ್ತು ಮೂರೂ ಅದಲುಬದಲಾಗಿ ಲೋ ಆಗುವ ಸಾಧ್ಯತೆಯೂ ಹೆಚ್ಚು. ಆ ವಾರ ನಾಯಿಯ ಮೇಲೆ ಭಾರ ಹಾಕದೆ, ಮಲಗುವ ಮುಂಚೆ ಒಮ್ಮೆ, ರಾತ್ರಿ ಮೂರಕ್ಕೆ ಒಮ್ಮೆ ಅಲಾರಂ ಇಟ್ಟು ಬೆರಳು ಚುಚ್ಚಿ ನೋಡಿ.